ಒಂದೇ ಭಯ, ಹಲವು ವಿವರಣೆ

ವಿಯೆನ್ನಾದ ಐದು ವರ್ಷದ ಹುಡುಗನೊಬ್ಬ ಕುದುರೆಗೆ ಹೆದರಿ ಬೀದಿಗಿಳಿಯಲು ಹಿಂಜರಿಯುತ್ತಿದ್ದ. ಅವನ ತಂದೆ ತಿಳಿಸಿದ ವಿವರಗಳನ್ನೇ ಬಹುಮಟ್ಟಿಗೆ ಆಧರಿಸಿ ಸಿಗ್ಮಂಡ್ ಫ್ರಾಯ್ಡ್ 1909ರಲ್ಲಿ ಈ ಪ್ರಕರಣವನ್ನು ಪ್ರಕಟಿಸಿದರು. ಹುಡುಗನನ್ನು ‘ಪುಟ್ಟ ಹ್ಯಾನ್ಸ್’ ಎಂದು ಕರೆದರು. ಅವರ ಪ್ರಕಾರ ಹ್ಯಾನ್ಸ್ ಒಳಗೊಳಗೇ ಹೆದರಿದ್ದು ತಂದೆಗೆ. ತಾಯಿಯ ಪ್ರೀತಿಗೆ ತಂದೆಯೇ ಪೈಪೋಟಿಗಾರ ಎಂಬ ಭಾವನೆ ಸುಪ್ತ ಮನಸ್ಸಿನಲ್ಲಿ ಅಡಗಿ, ಕುದುರೆಯ ಭಯವಾಗಿ ಹೊರಬಂದಿತ್ತು. ನಮ್ಮನ್ನು ನಡೆಸುವುದೆಲ್ಲ ನಮ್ಮ ಅರಿವಿಗೆ ಬರುವುದಿಲ್ಲ ಎಂಬುದೇ ಮನೋವಿಶ್ಲೇಷಣೆಯ ತಳಹದಿ.

1960ರಲ್ಲಿ ಜೋಸೆಫ್ ವೋಲ್ಪೆ ಮತ್ತು ಸ್ಟ್ಯಾನ್ಲಿ ರಾಕ್ಮನ್ ಅದೇ ವರದಿಯನ್ನು ಬೇರೆ ಕಣ್ಣಿನಿಂದ ಓದಿದರು. ಗಾಡಿ ಎಳೆಯುತ್ತಿದ್ದ ಕುದುರೆಯೊಂದು ಬಿದ್ದದ್ದನ್ನು ಹ್ಯಾನ್ಸ್ ಕಂಡಿದ್ದ. ಭಯ ಹುಟ್ಟಲು ಅಷ್ಟು ಸಾಲದೇ ಎಂದು ಅವರು ವಾದಿಸಿದರು.

ಇದು ವರ್ತನಾವಾದದ ದಾರಿ. ಮನೋವಿಜ್ಞಾನ ಹೊರಗೆ ಕಾಣುವ ವರ್ತನೆಯನ್ನಷ್ಟೇ ಅಧ್ಯಯನ ಮಾಡಬೇಕೆಂದು ಜಾನ್ ವಾಟ್ಸನ್ 1913ರಲ್ಲಿ ಸಾರಿದ್ದರು. 1920ರಲ್ಲಿ ಅವರು ಮತ್ತು ರೊಸಾಲಿ ರೇನರ್ ಪ್ರಕಟಿಸಿದ ಪ್ರಯೋಗದಲ್ಲಿ, ‘ಆಲ್ಬರ್ಟ್’ ಎಂಬ ಕೂಸಿಗೆ ಬಿಳಿ ಇಲಿಯನ್ನು ತೋರಿಸುತ್ತಲೇ ಹಿಂದಿನಿಂದ ಉಕ್ಕಿನ ಸರಳಿಗೆ ಸುತ್ತಿಗೆಯಿಂದ ಬಡಿದು ಸದ್ದು ಮಾಡಲಾಯಿತು. ಕೆಲವು ಸಲ ಹೀಗಾದ ಮೇಲೆ ಇಲಿ ಕಂಡರೆ ಸಾಕು, ಮಗು ಅಳುತ್ತಿತ್ತು. ಆ ಭಯವನ್ನು ಅವರು ಬಿಡಿಸಲಿಲ್ಲ. ಮಗುವಿಗೆ ಅದು ಅನ್ಯಾಯವೇ. 1924ರಲ್ಲಿ ಮೇರಿ ಕವರ್ ಜೋನ್ಸ್ ಪೀಟರ್ ಎಂಬ ಮಗುವಿಗೆ ಇಷ್ಟದ ತಿನಿಸು ಕೊಡುತ್ತ, ಅವನು ಹೆದರುತ್ತಿದ್ದ ಮೊಲವನ್ನು ಸ್ವಲ್ಪಸ್ವಲ್ಪವೇ ಹತ್ತಿರ ತಂದು ಭಯ ಕಳೆದ ಬಗೆಯನ್ನು ವರದಿ ಮಾಡಿದರು. ಕಲಿತ ಭಯವನ್ನು ಮರೆಯಲೂ ಕಲಿಯಬಹುದೆಂಬುದಕ್ಕೆ ಇದು ಸಾಕ್ಷಿಯಾಯಿತು.

ಆದರೆ ಒಂದೇ ನಾಯಿ ಬೊಗಳಿದಾಗ ಒಂದು ಮಗು ಓಡುತ್ತದೆ, ಇನ್ನೊಂದು ಮುದ್ದಿಸಲು ಹೋಗುತ್ತದೆ. ಪ್ರಚೋದನೆಗೂ ಪ್ರತಿಕ್ರಿಯೆಗೂ ನಡುವೆ ಮನಸ್ಸು ಅರ್ಥ ಕಟ್ಟುತ್ತದೆ ಎನ್ನುವುದು ಸಂಜ್ಞಾನಾತ್ಮಕ ದೃಷ್ಟಿ. ‘ಇದು ಕಚ್ಚಿಯೇ ಕಚ್ಚುತ್ತದೆ’ ಎಂಬಂಥ ಆಲೋಚನೆಗಳನ್ನು ರೋಗಿಯೊಡನೆ ಕೂತು ಪರೀಕ್ಷಿಸುವ ಚಿಕಿತ್ಸೆಯನ್ನು ಏರನ್ ಬೆಕ್ ರೂಪಿಸಿದರು. ಜೈವಿಕ ದೃಷ್ಟಿ ಮಿದುಳಿನ ಅಮಿಗ್ಡಲ ಭಾಗವನ್ನೂ ಏರುವ ಎದೆಬಡಿತವನ್ನೂ ಗಮನಿಸುತ್ತದೆ. ಕಾರ್ಲ್ ರೋಜರ್ಸ್ ಅವರ ಮಾನವತಾವಾದಕ್ಕೆ ಹೆದರಿದ ವ್ಯಕ್ತಿಯ ಸ್ವಂತ ಅನುಭವವೇ ಮುಖ್ಯ.

ಮನಸ್ಸಿನ ಬಗ್ಗೆ ಯಾವುದನ್ನು ಸಾಕ್ಷ್ಯವೆಂದು ಒಪ್ಪಬೇಕು ಎಂಬಲ್ಲೇ ಈ ಪಂಥಗಳು ಬೇರೆಯಾಗುವುದು. ಒಬ್ಬರಿಗೆ ಕನಸು, ಒಬ್ಬರಿಗೆ ವರ್ತನೆ, ಮತ್ತೊಬ್ಬರಿಗೆ ನರಕೋಶ. ಹಾಗೆಂದು ಎಲ್ಲ ವಿವರಣೆಗಳೂ ಸಮಾನವಲ್ಲ. ಪೀಟರನ ಭಯ ಹೋಯಿತೋ ಇಲ್ಲವೋ ಎಂದು ಯಾರು ಬೇಕಾದರೂ ನೋಡಬಹುದಿತ್ತು. ಹ್ಯಾನ್ಸನ ಸುಪ್ತ ಮನಸ್ಸಿನ ಕುರಿತ ಮಾತನ್ನು ಹಾಗೆ ಒರೆಗೆ ಹಚ್ಚಲಾಗದು. ತಪ್ಪಾಗಿದ್ದರೆ ತಪ್ಪೆಂದು ತೋರಿಸಲು ಅವಕಾಶ ಕೊಡುವ ವಿವರಣೆಯನ್ನೇ ವಿಜ್ಞಾನ ಬಯಸುತ್ತದೆ. ಮನಸ್ಸಿನ ಬಗ್ಗೆ ಯಾರೇ ಖಚಿತವಾಗಿ ಮಾತಾಡಿದರೂ ‘ಇದು ನಿಮಗೆ ಹೇಗೆ ಗೊತ್ತು?’ ಎಂದು ಕೇಳುವುದನ್ನು ಮನೋವಿಜ್ಞಾನದ ಮೊದಲ ಪಾಠವೇ ನಮಗೆ ಕಲಿಸಬೇಕು.