ಸೂರ್ಯ ಮುಳುಗುವ ಮುನ್ನ



ಕೂಲಿಯ ಮಾತು ಬಂದಾಗ ನಮ್ಮ ಕಣ್ಣ ಮುಂದೆ ನಿಲ್ಲುವವರು ಹೊಲದ ಆಳು, ಬೀಡಿ ಕಟ್ಟುವ ಹೆಂಗಸು, ಹಂಚಿನ ಕಾರ್ಖಾನೆಯ ಕಾರ್ಮಿಕ. ವಿಮಾನ ನಡೆಸುವ ಪೈಲಟ್ ಯಾರ ನೆನಪಿಗೂ ಬರುವುದಿಲ್ಲ. ಬಿಳಿ ಅಂಗಿ, ಭುಜದ ಮೇಲೆ ಪಟ್ಟಿ, ಕೈತುಂಬ ಸಂಬಳ. ಅಂಥವರಿಗೂ ಸಂಬಳದ ಚಿಂತೆಯೇ ಎಂದು ನಾವು ನಕ್ಕುಬಿಡುತ್ತೇವೆ. ಆದರೂ ಈ ವಾರ ಅವರ ಬಗ್ಗೆಯೇ ಸ್ವಲ್ಪ ಧ್ಯಾನಿಸೋಣ. ಅವರು ಪಟ್ಟ ಬೇಸರದಲ್ಲಿ ನಮ್ಮ ನಮ್ಮ ಮನೆಗೆ ಸೇರಿದ ಪಾಠವೊಂದಿದೆ.

ಅಮೆರಿಕದ ವಿಮಾನ ಸಂಸ್ಥೆಗಳಲ್ಲಿ ಪೈಲಟ್‌ಗಳ ಸಂಬಳ, ಕೆಲಸದ ವೇಳೆ, ವಿಶ್ರಾಂತಿ ಎಲ್ಲವನ್ನೂ ಅವರ ಸಂಘ ಮತ್ತು ಆಡಳಿತದವರು ಕೂಡಿ ಮಾಡಿಕೊಂಡ ಒಪ್ಪಂದ ನಿರ್ಧರಿಸುತ್ತದೆ. ಇದಕ್ಕೆ ಆಧಾರ 1926ರ ರೈಲ್ವೆ ಕಾರ್ಮಿಕ ಕಾಯಿದೆ. ರೈಲುಗಳಿಗೆಂದು ಮಾಡಿದ ಆ ಕಾಯಿದೆಯನ್ನು 1936ರಲ್ಲಿ ವಿಮಾನಗಳಿಗೂ ಅನ್ವಯಿಸಲಾಯಿತು. ಇದರ ಪ್ರಕಾರ ಒಪ್ಪಂದದ ಗಡುವು ಬಂದರೂ ಒಪ್ಪಂದ ರದ್ದಾಗುವುದಿಲ್ಲ. ಹೊಸದು ಆಗುವವರೆಗೆ ಹಳೆಯ ಸಂಬಳವೇ, ಹಳೆಯ ನಿಯಮಗಳೇ ನಡೆಯುತ್ತವೆ. ಮಾತುಕತೆ ಕೂಡಿಬರದಿದ್ದರೆ ರಾಷ್ಟ್ರೀಯ ಮಧ್ಯಸ್ಥಿಕೆ ಮಂಡಳಿಯ ಮೊರೆ ಹೋಗಬೇಕು. ಆ ಮಂಡಳಿ ಕೈಬಿಡುವವರೆಗೆ ಮುಷ್ಕರ ಹೂಡುವಂತಿಲ್ಲ. ಕೈಬಿಟ್ಟ ಮೇಲೂ 30 ದಿನ ಕಾಯಬೇಕು. ಮಧ್ಯಸ್ಥಿಕೆ ಇಷ್ಟು ದಿನಗಳೊಳಗೆ ಮುಗಿಯಬೇಕೆಂಬ ಗಡುವು ಮಾತ್ರ ಕಾಯಿದೆಯಲ್ಲಿಲ್ಲ. ಪ್ರಯಾಣಿಕರಿಗೆ ತೊಂದರೆಯಾಗಬಾರದೆಂಬ ಉದ್ದೇಶ ಒಳ್ಳೆಯದೇ. ಆದರೆ ಕೊಡಬೇಕಾದವನು ತಡಮಾಡಿದಷ್ಟೂ ಹಳೆಯ ದರದಲ್ಲೇ ಕೆಲಸ ಪಡೆಯುತ್ತಾನೆ ಎಂಬುದೂ ನಿಜ.

ಸೌತ್‌ವೆಸ್ಟ್ ಸಂಸ್ಥೆಯ ಪೈಲಟ್‌ಗಳ ಒಪ್ಪಂದ ಹೊಸದಾಗಬೇಕಾಗಿದ್ದುದು 2020ರ ಸೆಪ್ಟೆಂಬರಿನಲ್ಲಿ. ಆದದ್ದು 2024ರ ಜನವರಿಯಲ್ಲಿ. ಡೆಲ್ಟಾ ಸಂಸ್ಥೆಯಲ್ಲಿ 2019ರ ಕೊನೆಗೆ ಮುಗಿದ ಗಡುವು 2023ರ ಮಾರ್ಚ್‌ವರೆಗೆ ಎಳೆಯಿತು. ಮಧ್ಯೆ ಕೊರೋನಾ ಬಂತು, ವಿಮಾನಗಳು ನೆಲಕ್ಕಿಳಿದು ನಿಂತವು. ಆಗ ಸಂಬಳದ ಮಾತು ಎತ್ತುವುದು ಕಷ್ಟವಾಗಿತ್ತು, ಇದನ್ನು ಆಡಳಿತದವರ ಪರವಾಗಿ ಹೇಳಲೇಬೇಕು. ಆದರೆ ಪ್ರಯಾಣಿಕರು ಮರಳಿ ಬಂದ ಮೇಲೂ ಮಾತುಕತೆ ಕುಂಟುತ್ತಲೇ ಇತ್ತು. 2022ರಲ್ಲಿ ಪೈಲಟ್‌ಗಳು ರಜೆಯ ದಿನ ಸಮವಸ್ತ್ರ ಧರಿಸಿ, ಫಲಕ ಹಿಡಿದು ವಿಮಾನ ನಿಲ್ದಾಣಗಳ ಮುಂದೆ ನಿಂತರು; ಕೆಲಸದ ದಿನ ಎಂದಿನಂತೆ ವಿಮಾನ ಹಾರಿಸಿದರು. ಅಗತ್ಯಬಿದ್ದರೆ ಮುಷ್ಕರ ಹೂಡಬಹುದೇ ಎಂದು ಕೇಳಿದಾಗ ಡೆಲ್ಟಾದಲ್ಲಿ 2022ರಲ್ಲಿ, ಸೌತ್‌ವೆಸ್ಟ್‌ನಲ್ಲಿ 2023ರಲ್ಲಿ ಮತ ಹಾಕಿದವರಲ್ಲಿ ಶೇಕಡಾ 99 ಮಂದಿ ಹೌದೆಂದರು. ನೂರರಲ್ಲಿ ತೊಂಬತ್ತೊಂಬತ್ತು ಮಂದಿ ಒಂದೇ ಮಾತು ಹೇಳಬೇಕಾದರೆ ಅವರ ಒಡಲುರಿ ಎಷ್ಟಿರಬೇಕು!

ಆ ಉರಿಗೆ ಹಳೆಯ ಗಾಯವೂ ಒಂದು ಕಾರಣ. 2001ರ ಸೆಪ್ಟೆಂಬರ್ ದಾಳಿಯ ನಂತರ ಹಲವು ಸಂಸ್ಥೆಗಳು ದಿವಾಳಿಯ ಅಂಚಿಗೆ ಬಂದಾಗ ಪೈಲಟ್‌ಗಳು ಭಾರೀ ಸಂಬಳ ಕಡಿತವನ್ನು ಒಪ್ಪಿಕೊಳ್ಳಬೇಕಾಯಿತು. 2009ರ ಜನವರಿ 15ರಂದು ನ್ಯೂಯಾರ್ಕಿನ ಹಡ್ಸನ್ ನದಿಯ ಮೇಲೆ ವಿಮಾನವನ್ನಿಳಿಸಿ 155 ಜೀವ ಉಳಿಸಿದ ಕ್ಯಾಪ್ಟನ್ ಸಲ್ಲೆನ್‌ಬರ್ಗರ್ ಅವರನ್ನು ಲೋಕವೇ ಕೊಂಡಾಡಿತು. ಮರುತಿಂಗಳು ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ ಅವರು ಹೇಳಿದ್ದೇನು ಗೊತ್ತೇ? ತಮ್ಮ ಸಂಬಳ ಶೇಕಡಾ 40ರಷ್ಟು ಕಡಿತವಾಗಿದೆ, ನಂಬಿಕೊಂಡಿದ್ದ ಪಿಂಚಣಿಯೂ ಕೈತಪ್ಪಿದೆ ಎಂದು. ಹಾರ ಹಾಕಲು ಜನರಿದ್ದರು. ಕೊಟ್ಟ ಮಾತು ನಡೆಸಲು ಯಾರೂ ಇರಲಿಲ್ಲ.

ಪ್ರಿಯರೇ, ಈ ಕಥೆ ಹೊಸದಲ್ಲ. ಆದಿಕಾಂಡದಲ್ಲಿ ಲಾಬಾನನ ಮನೆಯಲ್ಲಿ ದುಡಿದ ಯಕೋಬನನ್ನು ನೆನೆಯಿರಿ. ರಾಖೇಲಳಿಗಾಗಿ ಏಳು ವರ್ಷ ದುಡಿದ; ಕೈಗೆ ಬಂದವಳು ಲೇಯಳು. ಮತ್ತೆ ಏಳು ವರ್ಷ, ಅದರ ಮೇಲೆ ಮಂದೆಗಾಗಿ ಆರು ವರ್ಷ. ಹಗಲು ಬಿಸಿಲು, ಇರುಳು ಚಳಿ, ಕಣ್ಣಿಗೆ ನಿದ್ದೆಯಿಲ್ಲ. ಆದರೂ ತನ್ನ ಸಂಬಳವನ್ನು ಹತ್ತು ಸಲ ಬದಲಾಯಿಸಿದೆಯಲ್ಲಾ ಎಂದು ಯಕೋಬ ಮಾವನ ಎದುರು ಗೋಳಿಡುತ್ತಾನೆ. ಲಾಬಾನ ಅಳಿಯನನ್ನು ಹೊಡೆಯಲಿಲ್ಲ, ಹೊರಗೆ ಹಾಕಲಿಲ್ಲ. ಮುಂದಕ್ಕೆ ತಳ್ಳಿದ, ಮಾತು ಬದಲಿಸಿದ, ಅಷ್ಟೇ. ಆ ತಳ್ಳುವಿಕೆಯೇ ಒಂದು ಮನೆಯನ್ನು ಒಡೆಯಿತು. ಯಕೋಬ ಹೇಳದೆ ಕೇಳದೆ ಹೆಂಡತಿ ಮಕ್ಕಳೊಂದಿಗೆ ಓಡಿದ. ರಾಖೇಲಳು ತಂದೆಯ ಮನೆಯ ವಿಗ್ರಹಗಳನ್ನೇ ಕದ್ದಳು. ಲಾಬಾನ ಏಳು ದಿನ ಬೆನ್ನಟ್ಟಿದ. ನ್ಯಾಯ ತಡವಾದಲ್ಲಿ ಒಳ್ಳೆಯವರ ಮನಸ್ಸೂ ಕೆಡುತ್ತದೆ ಎಂಬುದನ್ನು ಪವಿತ್ರ ಗ್ರಂಥ ಮುಚ್ಚಿಡುವುದಿಲ್ಲ.

"ಸ್ವಾಮಿ, ಪೈಲಟ್‌ಗಳೇನು ಬಡವರೇ?" ಎಂದು ನೀವು ಕೇಳಬಹುದು. ದೊಡ್ಡ ಸಂಸ್ಥೆಗಳ ಹಿರಿಯ ಪೈಲಟ್‌ಗಳು ಬಡವರಲ್ಲ, ಒಪ್ಪಿದೆ. ಆದರೆ ಭಿಕ್ಷೆ ಕೊಡುವಾಗ ಮಾತ್ರ ಬೇಡುವವನ ಬಡತನವನ್ನು ನೋಡುತ್ತೇವೆ. ಕೂಲಿ ಭಿಕ್ಷೆಯಲ್ಲ, ಅದು ಸಾಲ. ಸಾಲ ಕೊಟ್ಟವನು ಸಿರಿವಂತನೆಂದು ಸಾಲ ತೀರಿಸದಿರಬಹುದೇ? ಮೇಲಾಗಿ ಪೈಲಟ್‌ಗಳು ಕೇಳಿದ್ದು ಹಣವನ್ನಷ್ಟೇ ಅಲ್ಲ. ಸಿಬ್ಬಂದಿಯನ್ನು ಯಾವಾಗ, ಎಲ್ಲಿ ಕೆಲಸಕ್ಕೆ ಹಾಕಬೇಕೆಂಬ ವ್ಯವಸ್ಥೆ ಹಳೆಯದಾಗಿದೆ, ಸರಿಪಡಿಸಿ ಎಂದು ಸೌತ್‌ವೆಸ್ಟ್ ಪೈಲಟ್‌ಗಳ ಸಂಘ ಎಚ್ಚರಿಸುತ್ತಾ ಬಂದಿತ್ತು. 2022ರ ಕ್ರಿಸ್ಮಸ್ ಸಮಯದಲ್ಲಿ ಚಳಿಗಾಳಿ ಬೀಸಿದಾಗ ಆ ವ್ಯವಸ್ಥೆ ಕುಸಿದು ಸುಮಾರು 17,000 ವಿಮಾನಯಾನಗಳು ರದ್ದಾದವು. ಹಬ್ಬಕ್ಕೆ ಮನೆ ಸೇರಬೇಕಾದ ಜನ ನಿಲ್ದಾಣದ ನೆಲದ ಮೇಲೆ ಮಲಗಿದರು. ದುಡಿಯುವವನ ಮಾತಿಗೆ ಕಿವಿಗೊಡದಿದ್ದರೆ ನಷ್ಟ ಅವನೊಬ್ಬನಿಗೇ ಅಲ್ಲ.

ಧರ್ಮಸಭೆ ಈ ವಿಷಯದಲ್ಲಿ ಸ್ಪಷ್ಟವಾಗಿ ಮಾತಾಡಿದೆ. ಕೆಲಸಗಾರನು ಬೇರೆ ದಾರಿಯಿಲ್ಲದೆ ಒಪ್ಪಿಕೊಂಡ ಮಾತ್ರಕ್ಕೆ ಕೂಲಿ ನ್ಯಾಯವಾಗುವುದಿಲ್ಲವೆಂದು ಜಗದ್ಗುರು ಹದಿಮೂರನೆಯ ಲಿಯೋ ಅವರು 1891ರ 'ರೇರುಂ ನೊವಾರುಂ' ಪತ್ರದಲ್ಲಿ ಬೋಧಿಸಿದರು. 2025ರಲ್ಲಿ ಆಯ್ಕೆಯಾದ ಜಗದ್ಗುರು ಹದಿನಾಲ್ಕನೆಯ ಲಿಯೋ ಅವರು ಆ ಹೆಸರನ್ನು ಆರಿಸಿಕೊಳ್ಳಲು ಆ ಪತ್ರವೇ ಮುಖ್ಯ ಕಾರಣವೆಂದು ತಾವೇ ತಿಳಿಸಿದರು. 1981ರ 'ಲಾಬೋರೆಮ್ ಎಕ್ಸೆರ್ಚೆನ್ಸ್' ಪತ್ರದಲ್ಲಿ ಸಂತ ಎರಡನೆಯ ಜಾನ್ ಪಾಲ್ ಅವರು, ಒಂದು ಸಮಾಜ ನ್ಯಾಯವಾಗಿದೆಯೇ ಎಂದು ತಿಳಿಯಲು ಅಲ್ಲಿನ ಕೂಲಿಯನ್ನು ನೋಡಬೇಕೆಂದರು. ಕಾರ್ಮಿಕರ ಸಂಘಗಳು ಅಗತ್ಯವೆಂದರು. ಅದೇ ಪತ್ರದಲ್ಲಿ, ಮುಷ್ಕರ ನ್ಯಾಯವಾದರೂ ಅದು ಕೊನೆಯ ಅಸ್ತ್ರ, ಅದನ್ನು ದುರುಪಯೋಗ ಮಾಡಬಾರದು ಎಂದೂ ಎಚ್ಚರಿಸಿದರು. ಆದ್ದರಿಂದ ಸಂಘದವರಿಗೂ ಇಲ್ಲಿ ಪಾಠವಿದೆ. ಸಿಟ್ಟು ನ್ಯಾಯವಾಗಿರಬಹುದು, ಅದು ದ್ವೇಷವಾಗಬಾರದು. ತಮ್ಮ ಬೇಡಿಕೆಗಾಗಿ ನಿರಪರಾಧಿ ಪ್ರಯಾಣಿಕನನ್ನು ಒತ್ತೆಯಾಗಿಡಬಾರದು. ಯಕೋಬನ ನೋವು ನಿಜವಾದುದೇ. ಆದರೆ ರಾಖೇಲಳ ಕಳವಿಗೆ ಅದು ಸಮರ್ಥನೆಯಲ್ಲ.

ಮತ್ತಾಯನ ಶುಭಸಂದೇಶದ ಇಪ್ಪತ್ತನೆಯ ಅಧ್ಯಾಯದಲ್ಲಿ ದ್ರಾಕ್ಷಿತೋಟದ ಯಜಮಾನನ ಸಾಮತಿಯಿದೆ. ಕೊನೆಗೆ ಬಂದವನಿಗೂ ಸಮಾನ ಕೂಲಿ ಕೊಟ್ಟದ್ದನ್ನು ನಾವು ಯಾವಾಗಲೂ ಚರ್ಚಿಸುತ್ತೇವೆ. ಇನ್ನೆರಡು ಸಂಗತಿಗಳನ್ನು ಗಮನಿಸಿ. ಒಂದು, ಆತ ಸಂಜೆಯಾದೊಡನೆ ತಾನಾಗಿಯೇ ಮೇಸ್ತ್ರಿಯನ್ನು ಕರೆಸಿ ಕೂಲಿ ಹಂಚಿಸಿದ; ಯಾರೂ ಬಾಗಿಲು ತಟ್ಟಬೇಕಾಗಲಿಲ್ಲ. ಧರ್ಮೋಪದೇಶಕಾಂಡವೂ ಸೂರ್ಯ ಮುಳುಗುವ ಮುನ್ನ ಕೂಲಿ ಕೊಡಬೇಕೆಂದು ಆಜ್ಞಾಪಿಸುತ್ತದೆ. ಇನ್ನೊಂದು, ಕೆಲವರು ಗೊಣಗಿದಾಗ ಆತ ಬಾಗಿಲು ಮುಚ್ಚಿ ಒಳಗೆ ಕೂರಲಿಲ್ಲ. ಗೆಳೆಯನೆಂದು ಕರೆದು, ಎದುರು ನಿಂತು ಉತ್ತರ ಕೊಟ್ಟ. ಒಪ್ಪಿಗೆಯಾಗದಿದ್ದರೂ ಉತ್ತರ ಸಿಕ್ಕಿತು. ಎಷ್ಟೋ ಜಗಳಗಳಲ್ಲಿ ಕಡಿಮೆ ಸಂಬಳಕ್ಕಿಂತ ಹೆಚ್ಚು ಸುಡುವುದು ಆ ಮೌನವೇ.

ಈಗ ನಮ್ಮ ಮನೆಗೆ ಬರೋಣ. ನಾವು ವಿಮಾನ ಸಂಸ್ಥೆಯ ಒಡೆಯರಲ್ಲ. ಆದರೆ ಪಾತ್ರೆ ತೊಳೆಯಲು ಬರುವ ಅಕ್ಕ ಸಂಬಳ ಹೆಚ್ಚಿಸಿ ಎಂದು ಕೇಳಿ ಎಷ್ಟು ತಿಂಗಳಾಯಿತು? "ಹಬ್ಬ ಕಳೆಯಲಿ, ನೋಡೋಣ" ಎಂದೆವು. ಹಬ್ಬ ಕಳೆಯಿತು, ಮಳೆಗಾಲವೂ ಕಳೆಯಿತು. ತೋಟದ ಆಳಿನ ಬಾಕಿ, ಅಂಗಡಿಯ ಹುಡುಗನ ಸಂಬಳ, ಚರ್ಚಿನ ಗಂಟೆ ಬಾರಿಸುವವನ ಪಗಾರ, ನಮ್ಮದೇ ಶಾಲೆಯ ಹಂಗಾಮಿ ಶಿಕ್ಷಕಿಯ ಅರ್ಜಿ ಎಲ್ಲಿದೆ? ಬಹುಶಃ ಯಾವುದೋ ಕಡತದಲ್ಲಿ, ಮುಂದಿನ ಸಭೆಯನ್ನು ಕಾಯುತ್ತಾ. ನಾಳೆ ಎಂದವನ ಮನೆ ಹಾಳು ಎನ್ನುತ್ತಾರೆ ಹಿರಿಯರು. ಆದರೆ ಕೂಲಿಯ ವಿಷಯದಲ್ಲಿ ನಾವು ನಾಳೆ ಎಂದಾಗ ಹಾಳಾಗುವುದು ಇನ್ನೊಬ್ಬರ ಮನೆ. ತಡೆಹಿಡಿದ ಕೂಲಿ ದೇವರಿಗೆ ಕೂಗಿ ಹೇಳುತ್ತದೆಯೆಂದು ಸಂತ ಯಕೋಬರು ತಮ್ಮ ಪತ್ರದಲ್ಲಿ ಎಚ್ಚರಿಸುತ್ತಾರೆ.

ಹೆಚ್ಚು ಕೊಡಲು ನಿಜವಾಗಿ ಆಗದಿದ್ದರೆ ಹಾಗೆಂದು ಹೇಳಿ, ಲೆಕ್ಕ ತೋರಿಸಿ, ಯಾವಾಗ ಕೊಡಬಹುದೆಂದು ದಿನ ಗೊತ್ತುಮಾಡಿ. ಲಾಬಾನ ಮತ್ತು ಯಕೋಬ ಕೊನೆಗೆ ಮಾಡಿದ್ದೂ ಅದನ್ನೇ. ಗಿಲ್ಯಾದಿನ ಬೆಟ್ಟದಲ್ಲಿ ಕಲ್ಲು ಕೂಡಿಸಿ ರಾಶಿ ಹಾಕಿದರು, ದೇವರನ್ನು ಸಾಕ್ಷಿಯಾಗಿಟ್ಟು ಒಪ್ಪಂದ ಮಾಡಿದರು, ಜೊತೆಯಲ್ಲಿ ಕುಳಿತು ಉಂಡರು. ಮರುದಿನ ಮುಂಜಾನೆ ಲಾಬಾನ ಮೊಮ್ಮಕ್ಕಳಿಗೆ ಮುತ್ತಿಟ್ಟು ಊರಿಗೆ ಹೊರಟ. ಇಪ್ಪತ್ತು ವರ್ಷದ ಕಹಿಯೂ ಮುಖಾಮುಖಿ ಕುಳಿತಾಗ ಶಮನವಾಯಿತು.

1920ರಲ್ಲಿ ಜಗದ್ಗುರು ಹದಿನೈದನೆಯ ಬೆನೆಡಿಕ್ಟ್ ಅವರು ಲೊರೆಟ್ಟೊ ಮಾತೆಯನ್ನು ವಿಮಾನ ನಡೆಸುವವರ ಪಾಲಕಿಯೆಂದು ಘೋಷಿಸಿದರು. ನಮ್ಮ ಬಂಟ್ವಾಳದ ಬಳಿಯೂ ಆ ಮಾತೆಯ ಹೆಸರಿನ ಚರ್ಚ್ ಇದೆ. ಆಕೆ ಒಬ್ಬ ಬಡಗಿಯ ಮಡದಿ. ದುಡಿದ ಹಣ ಕೈಗೆ ಬಾರದ ದಿನ ಮನೆಯಲ್ಲಿ ಏನಾಗುತ್ತದೆಂದು ತಿಳಿದಿರುವ ತಾಯಿ. ಆಕಾಶದಲ್ಲಿ ದುಡಿಯುವವರನ್ನೂ ನಮ್ಮ ಅಂಗಳದಲ್ಲಿ ದುಡಿಯುವವರನ್ನೂ ಆಕೆಯ ಮಡಿಲಿಗೆ ಒಪ್ಪಿಸೋಣ. ಬರುವ ಭಾನುವಾರದ ಬಲಿಪೂಜೆಗೆ ಮುನ್ನ, ನಮ್ಮ ಉತ್ತರಕ್ಕಾಗಿ ಕಾಯುತ್ತಿರುವ ಒಬ್ಬ ಕೆಲಸಗಾರನನ್ನಾದರೂ ಕರೆದು, ಎದುರು ಕೂರಿಸಿ, ಮಾತು ಮುಗಿಸೋಣ. ಸೂರ್ಯ ಮುಳುಗುವ ಮುನ್ನ.