ದೂರಕ್ಕೆ ತೆರುವ ಬಾಡಿಗೆ



ನಂಜನಾಡಿನಲ್ಲಿ ಕ್ಯಾರೆಟ್, ಆಲೂಗೆಡ್ಡೆ, ಕೋಸು ಬೆಳೆಯುವವರಿಗೆ ಕೆಲಸದ ಜಾಗ ಮನೆಯ ಬಾಗಿಲಿನಿಂದಲೇ ಕಾಣುತ್ತದೆ. ಟೀ ಸೊಪ್ಪು ಕೀಳುವವರು ಮಧ್ಯಾಹ್ನದ ಊಟಕ್ಕೆ ಮನೆಗೆ ಬಂದು ಹೋಗಬಹುದು. ಆದ್ದರಿಂದ ‘ಕೆಲಸಕ್ಕೆ ಹತ್ತಿರವಾಗಿ ಒಂದು ಮನೆ’ ಎಂಬುದು ನಮ್ಮ ಹಿರಿಯರಿಗೆ ಎಂದೂ ದೊಡ್ಡ ಪ್ರಶ್ನೆಯಾಗಿರಲಿಲ್ಲ. ಇಂದು ನಮ್ಮ ಮಕ್ಕಳಿಗೆ ಅದೇ ಮೊದಲ ಪ್ರಶ್ನೆ. ಓದು ಮುಗಿಸಿ ಬೆಂಗಳೂರಿಗೆ ಇಳಿಯುವ ಹುಡುಗ ಹುಡುಗಿಯರಿಗೆ ಕೆಲಸ ಸಿಗುವುದಕ್ಕಿಂತ ಮನೆ ಸಿಗುವುದೇ ಕಷ್ಟ ಎಂದು ಪೂಜೆ ಮುಗಿದ ಮೇಲೆ ದೇವಾಲಯದ ಅಂಗಳದಲ್ಲಿ ಅನೇಕ ತಂದೆತಾಯಿಯರು ಹೇಳುತ್ತಾರೆ. ಇದು ಬರೀ ದುಡ್ಡಿನ ಮಾತೇ, ಅಥವಾ ಇದರಲ್ಲಿ ನ್ಯಾಯ ಅನ್ಯಾಯದ ಮಾತೂ ಇದೆಯೇ? ಈ ತಿಂಗಳು ಅದನ್ನು ಒಟ್ಟಿಗೆ ಯೋಚಿಸೋಣ.

ಮೊದಲು ಒಂದು ಲೆಕ್ಕ. ತಿಂಗಳಿಗೆ 25,000 ರೂಪಾಯಿ ಸಂಬಳದ ಒಬ್ಬ ಮಗಳನ್ನು ಊಹಿಸಿಕೊಳ್ಳೋಣ. ಆಫೀಸಿಗೆ ಹತ್ತಿರದ ಸಣ್ಣ ಮನೆಗೆ 15,000, ಊರಾಚೆಯ ಅದೇ ಅಳತೆಯ ಮನೆಗೆ 9,000 ಬಾಡಿಗೆ ಎಂದಿಟ್ಟುಕೊಳ್ಳೋಣ. ಅವಳು ದೂರದ ಮನೆಯನ್ನೇ ಹಿಡಿಯುತ್ತಾಳೆ, ಬೇರೆ ದಾರಿಯಿಲ್ಲ. ಉಳಿಯುವುದು 6,000. ಹೋಗಿ ಬರುವುದಕ್ಕೆ ದಿನಕ್ಕೆ ಎರಡು ಗಂಟೆ ಹೆಚ್ಚು ಹಿಡಿದರೆ, ಇಪ್ಪತ್ತೈದು ದಿನಕ್ಕೆ ಐವತ್ತು ಗಂಟೆ. ಅಂದರೆ ಅವಳು ತನ್ನ ಬದುಕಿನ ಒಂದೊಂದು ಗಂಟೆಯನ್ನು 120 ರೂಪಾಯಿಗೆ ಮಾರಿದಂತಾಯಿತು. ಬಸ್ಸು, ಆಟೋ ಖರ್ಚು ಕಳೆದರೆ ಅದೂ ಇಲ್ಲ. ವರ್ಷಕ್ಕೆ ಅದು 600 ಗಂಟೆ. ಹಗಲೂ ರಾತ್ರಿಯೂ ಸೇರಿದ ಇಪ್ಪತ್ತೈದು ದಿನಗಳು. ಟಾಮ್‌ಟಾಮ್ ಸಂಸ್ಥೆಯ 2024ರ ಲೆಕ್ಕದ ಪ್ರಕಾರ ಬೆಂಗಳೂರಿನಲ್ಲಿ ಹತ್ತು ಕಿಲೋಮೀಟರ್ ವಾಹನದಲ್ಲಿ ಹೋಗಲು ಸರಾಸರಿ 34 ನಿಮಿಷ ಬೇಕು. ಹಾಗಾಗಿ ನಮ್ಮ ಲೆಕ್ಕ ಅತಿಶಯದ್ದೇನಲ್ಲ.

ಮನೆ ಹುಡುಕುವಾಗ ಬಾಡಿಗೆಯ ಚೀಟಿಯಲ್ಲಿ ಈ ಗಂಟೆಗಳನ್ನು ಯಾರೂ ಬರೆಯುವುದಿಲ್ಲ. ಆದರೆ ಅವನ್ನು ತೆರುವವರು ಇದ್ದಾರೆ. ನಿದ್ದೆಯಿಂದ, ಅಡುಗೆಯಿಂದ, ಸಂಜೆಯ ಜಪಮಾಲೆಯಿಂದ, ಅಮ್ಮನಿಗೆ ಮಾಡಬೇಕಾದ ಫೋನಿನಿಂದ ಆ ಗಂಟೆಗಳನ್ನು ಕೀಳಲಾಗುತ್ತದೆ. ವಾರವೆಲ್ಲ ಬಸ್ಸಿನಲ್ಲಿ ನಿಂತವಳು ಭಾನುವಾರ ಬೆಳಗ್ಗೆ ಹಾಸಿಗೆಯಿಂದ ಏಳಲಾಗದೆ ಬಲಿಪೂಜೆ ತಪ್ಪಿಸಿದರೆ ಅವಳ ಭಕ್ತಿ ಕಡಿಮೆಯಾಯಿತೆಂದು ಹೇಳುವ ಮುನ್ನ ಆ 600 ಗಂಟೆಗಳನ್ನು ನೆನೆಯಬೇಕು.

ಹತ್ತಿರದ ಮನೆಗೆ ಬೆಲೆ ಏಕೆ ಹೆಚ್ಚು? ಇಟ್ಟಿಗೆ, ಸಿಮೆಂಟು, ಗಾರೆ ಕೆಲಸದವರ ಕೂಲಿ ಎರಡೂ ಕಡೆ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸವಿರುವುದು ಜಾಗದಲ್ಲಿ. 2025ರ ಆಗಸ್ಟ್‌ನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಮೆಟ್ರೊ ಹಳದಿ ಮಾರ್ಗ ತೆರೆಯಿತು. ಎಲೆಕ್ಟ್ರಾನಿಕ್ ಸಿಟಿಗೆ ಹೋಗುವವರಿಗೆ ಅದು ದೊಡ್ಡ ಉಪಕಾರ. ಆದರೆ ಮೆಟ್ರೊ ನಿಲ್ದಾಣ ಬಂದ ಕಡೆ ಸುತ್ತಲಿನ ಬಾಡಿಗೆಯೂ ಏರುವುದು ಎಲ್ಲ ಊರುಗಳ ಅನುಭವ. ನಿಲ್ದಾಣ ಕಟ್ಟಿದ್ದು ಎಲ್ಲರ ತೆರಿಗೆಯಿಂದ, ಕೂಲಿಗಳ ಬೆವರಿನಿಂದ. ಅದರ ಬೆಲೆ ಮಾತ್ರ ಪಕ್ಕದ ನಿವೇಶನದ ಪತ್ರ ಯಾರ ಹೆಸರಿನಲ್ಲಿದೆಯೋ ಅವರ ಕೈ ಸೇರುತ್ತದೆ. ನಮ್ಮೂರಲ್ಲೂ ಬಸ್ ನಿಲ್ಲುವ ಜಾಗದ ಪಕ್ಕದ ಸೆಂಟಿಗೆ ಒಂದು ಬೆಲೆ, ಇಳಿಜಾರಿನ ಕೆಳಗಿನ ಸೆಂಟಿಗೆ ಇನ್ನೊಂದು ಬೆಲೆ ಇರುವುದು ಇದೇ ಕಾರಣಕ್ಕೆ. ಹತ್ತಿರ ಎಂಬುದನ್ನು ಮಾಲೀಕರು ಕಟ್ಟಿದ್ದಲ್ಲ; ಊರೆಲ್ಲ ಸೇರಿ ಕಟ್ಟಿದ್ದು.

ಹಾಗೆಂದು ಮನೆ ಮಾಲೀಕರನ್ನೆಲ್ಲ ದುರಾಸೆಯವರೆಂದು ಕರೆಯುವುದು ಸುಳ್ಳು ಹೇಳಿದಂತೆ. ಗಂಡನ ಪಿಂಚಣಿ ಹಣವನ್ನೆಲ್ಲ ಹಾಕಿ ಮಹಡಿ ಕಟ್ಟಿಸಿ, ಆ ಬಾಡಿಗೆಯಲ್ಲೇ ಔಷಧಿ ಕೊಳ್ಳುವ ವಿಧವೆಯರೂ ಮಾಲೀಕರೇ. ಬ್ಯಾಂಕಿನ ಸಾಲದ ಕಂತು ಕಟ್ಟಲು ಕೆಳಗಿನ ಮನೆಯನ್ನು ಬಾಡಿಗೆಗೆ ಕೊಟ್ಟವರೂ ಮಾಲೀಕರೇ. ಅವರು ಬಾಡಿಗೆ ಪಡೆಯುವುದು ನ್ಯಾಯ. ಸ್ವಂತ ಆಸ್ತಿಯ ಹಕ್ಕನ್ನು ಧರ್ಮಸಭೆ ಒಪ್ಪುತ್ತದೆ. 13ನೇ ಲಿಯೋ ಜಗದ್ಗುರುಗಳು 1891ರ ತಮ್ಮ ವಿಶ್ವಪತ್ರದಲ್ಲಿ ಅದನ್ನು ಬಲವಾಗಿ ಎತ್ತಿ ಹಿಡಿದರು. ಆದರೆ ಭೂಮಿಯ ಸಂಪತ್ತು ಎಲ್ಲರಿಗಾಗಿ ಸೃಷ್ಟಿಯಾದದ್ದು ಎಂಬ ಮಾತನ್ನೂ ಅದೇ ಧರ್ಮಸಭೆ ಬೋಧಿಸುತ್ತದೆ. ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಅದನ್ನು ಮತ್ತೆ ಸ್ಪಷ್ಟಪಡಿಸಿತು. ಈ ಎರಡು ಮಾತುಗಳ ನಡುವೆಯೇ ನಮ್ಮ ಪ್ರಶ್ನೆ ನಿಂತಿದೆ. ಮನೆ ನನ್ನದು ನಿಜ. ಆದರೆ ಇನ್ನೊಬ್ಬರ ನಿರುಪಾಯವೂ ನನ್ನದಾಗುತ್ತದೆಯೇ? ಬೇರೆಲ್ಲಿಯೂ ಹೋಗಲಾರರು ಎಂಬ ಒಂದೇ ಕಾರಣಕ್ಕೆ ಬೆಲೆ ಏರಿಸಿದರೆ ನಾವು ಮಾರುತ್ತಿರುವುದು ಮನೆಯನ್ನಲ್ಲ, ಅವರ ಕಷ್ಟವನ್ನು.

ಇಲ್ಲಿ ಧರ್ಮೋಪದೇಶಕಾಂಡದ ಇಪ್ಪತ್ತನಾಲ್ಕನೆಯ ಅಧ್ಯಾಯ ನಮ್ಮ ಕೈ ಹಿಡಿಯುತ್ತದೆ. ಸಾಲ ಕೊಟ್ಟವನು ಒತ್ತೆ ತೆಗೆದುಕೊಳ್ಳಲು ಸಾಲಗಾರನ ಮನೆಯೊಳಗೆ ನುಗ್ಗಬಾರದು, ಹೊರಗೆ ನಿಂತು ಕಾಯಬೇಕು ಎಂದು ಅಲ್ಲಿ ಹೇಳಿದೆ. ಬಡವನ ಹೊದಿಕೆಯನ್ನು ಒತ್ತೆ ಇಟ್ಟುಕೊಂಡಿದ್ದರೆ ಸೂರ್ಯ ಮುಳುಗುವ ಮುನ್ನ ಹಿಂದಿರುಗಿಸಬೇಕು ಎಂದೂ ಹೇಳಿದೆ. ನಾವು ‘ಅಡ್ವಾನ್ಸ್’ ಎನ್ನುವುದು ಒತ್ತೆಯಲ್ಲದೆ ಇನ್ನೇನು? ಬೆಂಗಳೂರಿನಲ್ಲಿ ಬಹುಕಾಲದಿಂದ ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಕೇಳುವ ರೂಢಿಯಿದೆ. ಮೇಲಿನ ಲೆಕ್ಕದ ದೂರದ ಮನೆಗೇ ಅದು 90,000 ರೂಪಾಯಿ. ಬೆಟ್ಟದ ಮೇಲಿನ ಒಂದು ಕುಟುಂಬ ಆ ಹಣಕ್ಕಾಗಿ ತಾಯಿಯ ಬಳೆಯನ್ನು ಬ್ಯಾಂಕಿನಲ್ಲಿಡುತ್ತದೆ. ಒತ್ತೆಯ ಹಣಕ್ಕಾಗಿ ಇನ್ನೊಂದು ಒತ್ತೆ! ತಮಿಳುನಾಡಿನ 2017ರ ಬಾಡಿಗೆ ಕಾಯ್ದೆ, ಬೇರೆ ಒಪ್ಪಂದವಿಲ್ಲದಿದ್ದರೆ ಮೂರು ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಪಡೆಯಬಾರದೆನ್ನುತ್ತದೆ. ಕೇಂದ್ರ ಸರ್ಕಾರ 2021ರಲ್ಲಿ ರಾಜ್ಯಗಳ ಮುಂದಿಟ್ಟ ಮಾದರಿ ಕಾಯ್ದೆ ವಾಸದ ಮನೆಗೆ ಎರಡು ತಿಂಗಳು ಸಾಕೆನ್ನುತ್ತದೆ. ಪವಿತ್ರ ಗ್ರಂಥ ತಿಂಗಳ ಲೆಕ್ಕ ಹೇಳುವುದಿಲ್ಲ. ಒತ್ತೆ ಕೊಟ್ಟವನು ಇಂದು ರಾತ್ರಿ ಏನು ಹೊದ್ದು ಮಲಗುತ್ತಾನೆ ಎಂದು ಕೇಳುತ್ತದೆ.

ದೂರದ ಹೊರೆಯನ್ನು ಹೊರಬೇಕಾದವರು ಬಾಡಿಗೆದಾರರು ಮತ್ತು ಮಾಲೀಕರು ಇಬ್ಬರೇ ಅಲ್ಲ. ಕೆಲಸ ಕೊಡುವವರು ಎಲ್ಲಿ ಹೋದರು? ನಮ್ಮ ನೀಲಗಿರಿಯನ್ನೇ ನೋಡೋಣ. ಅರುವಂಕಾಡಿನ ಕಾರ್ಡೈಟ್ ಕಾರ್ಖಾನೆ ನೂರಕ್ಕೂ ಹೆಚ್ಚು ವರ್ಷ ಹಳೆಯದು. ಅದರ ಸುತ್ತ ನೌಕರರ ಕ್ವಾರ್ಟರ್ಸ್ ಬೆಳೆದವು. 1960ರಲ್ಲಿ ಸ್ಥಾಪನೆಯಾದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಊಟಿಯ ಇಂದುನಗರದಲ್ಲಿ ನೌಕರರಿಗೆ ವಸತಿ ಕಟ್ಟಿತು. 1951ರ ತೋಟ ಕಾರ್ಮಿಕರ ಕಾಯ್ದೆ ಕಾರ್ಮಿಕರಿಗೆ ಮನೆ ಕೊಡುವುದು ತೋಟದ ಮಾಲೀಕರ ಕರ್ತವ್ಯವೆಂದು ವಿಧಿಸಿತು. ಕೆಲಸಗಾರ ನಡೆಯುವ ದೂರ ಕೆಲಸದ ಖರ್ಚಿನೊಳಗೇ ಸೇರಿದ್ದು ಎಂಬ ತಿಳಿವಳಿಕೆ ಅಂದು ಇತ್ತು. ಗಾಜಿನ ಕಟ್ಟಡ ಕಟ್ಟಿ ಸಾವಿರಾರು ಮಂದಿಯನ್ನು ಕರೆಯುವ ಇಂದಿನ ಕಂಪನಿಗಳಲ್ಲಿ ಹೆಚ್ಚಿನವು, ಅವರು ರಾತ್ರಿ ಎಲ್ಲಿ ಮಲಗುತ್ತಾರೆಂದು ಕೇಳುವುದಿಲ್ಲ.

ಆದರೆ ಹಳೆಯದೆಲ್ಲ ಹೊನ್ನಲ್ಲ. ಲೈನ್ ಮನೆಯಲ್ಲಿ ಇದ್ದವರಿಗೆ ಅದರ ಇನ್ನೊಂದು ಮುಖವೂ ಗೊತ್ತು. ಕೆಲಸದ ಜೊತೆ ಬಂದ ಮನೆ ಕೆಲಸದ ಜೊತೆಯೇ ಹೋಗುತ್ತದೆ. ನಿವೃತ್ತಿಯ ದಿನ ಬಂದರೆ, ಕೈಕಾಲು ಸೋತರೆ, ಮಾಲೀಕರ ಎದುರು ಮಾತಾಡಿದರೆ ಬಾಗಿಲು ನಮ್ಮದಲ್ಲ. 1964ರ ಸಿರಿಮಾವೊ–ಶಾಸ್ತ್ರಿ ಒಪ್ಪಂದದ ಮೇಲೆ ಶ್ರೀಲಂಕೆಯಿಂದ ಬಂದು ನಮ್ಮ ಬೆಟ್ಟಗಳ ಸರ್ಕಾರಿ ಟೀ ತೋಟಗಳಲ್ಲಿ ದುಡಿದ ಕುಟುಂಬಗಳಿಗೆ ಈ ಚಿಂತೆ ಚೆನ್ನಾಗಿ ಗೊತ್ತು. ಆದ್ದರಿಂದ ಮನೆ ಸರಪಳಿಯೂ ಆಗಬಾರದು, ಸಂತೆಯ ಸರಕೂ ಆಗಬಾರದು. 1987ರಲ್ಲಿ, ವಿಶ್ವಸಂಸ್ಥೆ ಮನೆಯಿಲ್ಲದವರಿಗಾಗಿ ಮೀಸಲಿಟ್ಟ ವರ್ಷ, ವ್ಯಾಟಿಕನ್ನಿನ ನ್ಯಾಯ ಮತ್ತು ಶಾಂತಿ ಆಯೋಗವು ಮನೆಯ ಸಮಸ್ಯೆಯ ಬಗ್ಗೆಯೇ ಒಂದು ಪತ್ರ ಹೊರಡಿಸಿತು. ಪೋಪ್ ಫ್ರಾನ್ಸಿಸರು 2015ರ ‘ಲೌದಾತೊ ಸಿ’ಯಲ್ಲಿ ಮನೆಯ ಕೊರತೆಯನ್ನೂ ನಗರದ ಪ್ರಯಾಣದ ಕಷ್ಟವನ್ನೂ ಪಕ್ಕಪಕ್ಕದಲ್ಲೇ ಇಟ್ಟು ಮಾತನಾಡಿದರು. ಎರಡೂ ಒಂದೇ ಕಷ್ಟದ ಎರಡು ತುದಿಗಳು.

ನಮ್ಮವರಿಗೆ ಇನ್ನೊಂದು ತೊಡಕಿದೆ. ಇಲ್ಲಿ ನಾವು ಕನ್ನಡದವರು; ಬೆಂಗಳೂರಿನಲ್ಲಿ ಆಧಾರ್ ತೋರಿಸಿದರೆ ತಮಿಳುನಾಡಿನವರು. ಕರ್ನಾಟಕದಲ್ಲಿ 2023ರ ಜೂನ್ 11ರಿಂದ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತ. ಆದರೆ ಅದು ಆ ರಾಜ್ಯದ ನಿವಾಸಿಗಳಿಗೆ. ವಿಳಾಸ ಬದಲಿಸಲು ಬಾಡಿಗೆ ಕರಾರುಪತ್ರ ಬೇಕು. ಕರಾರು ಬರೆದುಕೊಡಲು ಒಪ್ಪದ ಮಾಲೀಕರು ಒಂದು ಕಾಗದವನ್ನಷ್ಟೇ ನಿರಾಕರಿಸುವುದಿಲ್ಲ. ಆ ಹುಡುಗಿ ಆ ಊರಿನವಳಾಗುವುದನ್ನೇ ನಿರಾಕರಿಸುತ್ತಾರೆ. ಜೊತೆಗೆ ‘ನೀವು ಯಾವ ಕಡೆಯವರು? ಮನೆಯಲ್ಲಿ ಏನು ಅಡುಗೆ ಮಾಡುತ್ತೀರಿ?’ ಎಂಬ ಪ್ರಶ್ನೆಗಳು. ಈ ಪ್ರಶ್ನೆ ಕೇಳಿಸಿಕೊಂಡಾಗ ಎಷ್ಟು ನೋವಾಗುತ್ತದೆಂದು ಬಲ್ಲ ನಾವು, ನಮ್ಮ ಮನೆಯ ಬಾಗಿಲಲ್ಲಿ ಅದನ್ನು ಬೇರೆಯವರಿಗೆ ಕೇಳಬಹುದೇ?

ಊಟಿಯ ಸುತ್ತಮುತ್ತ ಮನೆ ಇರುವವರು ಇದನ್ನು ಹೆಚ್ಚಾಗಿ ಯೋಚಿಸಬೇಕು. ಸೀಸನ್ನಿನಲ್ಲಿ ಒಂದು ರಾತ್ರಿಗೆ ಪ್ರವಾಸಿಗರು ಕೊಡುವ ಹಣ ದೊಡ್ಡದು. 2024ರ ಮೇ ತಿಂಗಳಿಂದ ವಾಹನಗಳಿಗೆ ಇ-ಪಾಸ್ ಬೇಕಾಗುವಷ್ಟು ಜನ ಬರುತ್ತಾರೆ. ಬಾಡಿಗೆಯ ಮನೆಗಳು ಒಂದೊಂದಾಗಿ ಕಾಟೇಜುಗಳಾದರೆ ಆಸ್ಪತ್ರೆಯ ನರ್ಸು, ಶಾಲೆಯ ಟೀಚರು, ಮಾರ್ಕೆಟ್ಟಿನ ಹಮಾಲಿ ಎಲ್ಲಿರಬೇಕು? ಬೆಂಗಳೂರಿನಲ್ಲಿ ನಮ್ಮ ಮಗಳಿಗೆ ಯಾರು ನ್ಯಾಯವಾಗಿ ನಡೆದುಕೊಳ್ಳಬೇಕೆಂದು ಬಯಸುತ್ತೇವೋ, ಇಲ್ಲಿ ಗೂಡಲೂರಿನಿಂದ ಬಂದ ನರ್ಸಿಗೆ ನಾವು ಅವರಾಗಬಹುದು. ಹನ್ನೆರಡು ತಿಂಗಳ ಸ್ಥಿರ ಬಾಡಿಗೆ ಸೀಸನ್ನಿನ ಲಾಭದಷ್ಟು ಇರಲಾರದು. ಆ ವ್ಯತ್ಯಾಸವೇ ನಾವು ಕೊಡಬಲ್ಲ ಕಾಣಿಕೆ.

ಬಾಡಿಗೆ ಮನೆ ಎಂದರೆ ಕೀಳೆಂದು ಮಕ್ಕಳಿಗೆ ಅನ್ನಿಸದಿರಲಿ. ಸಂತ ಪೌಲರು ರೋಮಿನಲ್ಲಿ ಎರಡು ವರ್ಷ ಪೂರ್ತಿ ಬಾಡಿಗೆ ಮನೆಯಲ್ಲಿದ್ದರೆಂದು ಪ್ರೇಷಿತರ ಕಾರ್ಯಕಲಾಪಗಳು ಗ್ರಂಥ ಮುಗಿಯುವುದೇ ಆ ಮಾತಿನಿಂದ. ಕಾವಲಿನಲ್ಲಿದ್ದರೂ ಬಂದವರನ್ನೆಲ್ಲ ಅವರು ಅಲ್ಲಿ ಬರಮಾಡಿಕೊಂಡರು. ಅದಕ್ಕೂ ಮೊದಲು ಕೊರಿಂಥದಲ್ಲಿ, ರೋಮಿನಿಂದ ಹೊರಹಾಕಲ್ಪಟ್ಟ ಅಕ್ವಿಲ ಮತ್ತು ಪ್ರಿಸ್ಸಿಲ ದಂಪತಿಗಳು ಪೌಲರಿಗೆ ಮನೆಯಲ್ಲೇ ಜಾಗ ಕೊಟ್ಟರು. ಮೂವರದೂ ಗುಡಾರ ಮಾಡುವ ಕಸುಬು. ವಾಸವೂ ಕೆಲಸವೂ ಒಂದೇ ಸೂರಿನಡಿ. ತಾವೇ ನೆಲೆ ತಪ್ಪಿ ಬಂದವರು ಇನ್ನೊಬ್ಬರಿಗೆ ನೆಲೆಯಾದರು.

ಮನೆ ಹುಡುಕುತ್ತಿರುವ ಮಕ್ಕಳಿಗೆ ಕೆಲವು ಮಾತುಗಳು. ಬಾಡಿಗೆಯನ್ನು ಮಾತ್ರ ನೋಡಬೇಡಿ. ಬಾಡಿಗೆ, ಪ್ರಯಾಣದ ಖರ್ಚು, ಗಂಟೆಗಳು ಮೂರನ್ನೂ ಕೂಡಿಸಿ ನೋಡಿ. ದೂರದ ದೊಡ್ಡ ಮನೆಗಿಂತ ಇಬ್ಬರು ಮೂವರು ಸೇರಿ ಹಿಡಿಯುವ ಹತ್ತಿರದ ಸಣ್ಣ ಮನೆ ಎಷ್ಟೋ ಸಲ ಮೇಲು. ಮನೆ ನೋಡಲು ಭಾನುವಾರ ಹೋದರೂ, ಒಪ್ಪುವ ಮೊದಲು ಸೋಮವಾರ ಬೆಳಗ್ಗೆ ಆಫೀಸಿನ ಹೊತ್ತಿಗೆ ಆ ದಾರಿಯಲ್ಲಿ ಒಮ್ಮೆ ಪ್ರಯಾಣ ಮಾಡಿ. ಬೇಸಿಗೆಯಲ್ಲಿ ನೀರು ಎಲ್ಲಿಂದ ಬರುತ್ತದೆಂದು ಕೇಳಿ. ಕಣ್ಣಾರೆ ನೋಡದ ಮನೆಗೆ ಫೋನಿನಲ್ಲಿ ಹಣ ಕಳಿಸಬೇಡಿ. ಅಡ್ವಾನ್ಸ್ ಎಷ್ಟು, ಬಿಡುವಾಗ ಬಣ್ಣಕ್ಕೆಂದು ಎಷ್ಟು ಹಿಡಿಯುತ್ತಾರೆ, ಎಷ್ಟು ದಿನದಲ್ಲಿ ಉಳಿದದ್ದನ್ನು ಕೊಡುತ್ತಾರೆ ಎಂಬುದೆಲ್ಲ ಕರಾರಿನಲ್ಲಿ ಇರಲಿ. ಬೀಗದ ಕೈ ಪಡೆದ ದಿನವೇ ಗೋಡೆ, ನಲ್ಲಿ, ಸ್ವಿಚ್ಚುಗಳ ಫೋಟೋ ತೆಗೆದಿಡಿ. ನೀವೂ ಆ ಮನೆಯನ್ನು ನಿಮ್ಮ ತಾಯಿಯ ಮನೆಯಂತೆ ನೋಡಿಕೊಳ್ಳಿ. ನ್ಯಾಯ ಎರಡು ಕಡೆಯದು.

ಧರ್ಮಕೇಂದ್ರವಾಗಿ ನಾವೂ ಒಂದು ಕೆಲಸ ಮಾಡಬಹುದು. ಬೆಂಗಳೂರಿನಲ್ಲಿ ಈಗಾಗಲೇ ನೆಲೆಸಿರುವ ನಮ್ಮ ಕುಟುಂಬಗಳು ಹೊಸದಾಗಿ ಬರುವ ಒಬ್ಬರಿಗೆ ಮೊದಲ ಹದಿನೈದು ದಿನ ಒಂದು ಚಾಪೆಯ ಜಾಗ ಕೊಟ್ಟರೆ, ಅವಸರದಲ್ಲಿ ಸಿಕ್ಕಿದ ಮನೆಯನ್ನು ಹಿಡಿಯುವ ನಿರುಪಾಯ ತಪ್ಪುತ್ತದೆ. ನಿರುಪಾಯ ತಪ್ಪಿದರೆ ಅನ್ಯಾಯದ ಬೆಲೆಗೆ ಅರ್ಧ ಬಲ ಹೋದಂತೆ. ತಮಿಳು, ಮಲಯಾಳಂ, ಬಡಗ ಮಾತಾಡುವ ನೆರೆಯವರ ಮಕ್ಕಳೂ ಅದೇ ಬಸ್ಸಿನಲ್ಲಿ ಹೋಗುತ್ತಾರೆ; ಚಾಪೆ ಹಾಸುವಾಗ ಭಾಷೆ ಕೇಳುವುದು ಬೇಡ. ಹುಟ್ಟುವ ರಾತ್ರಿ ಛತ್ರದಲ್ಲಿ ಸ್ಥಳ ಸಿಗದ ಪ್ರಭುವನ್ನು ಪೂಜಿಸುವ ನಮಗೆ ಇದು ಹೊಸದಾಗಿ ಕಲಿಯಬೇಕಾದ ಪಾಠವಲ್ಲ. ಆ ರಾತ್ರಿ ಛತ್ರದವನು ಹೇಳಿದ ಮಾತನ್ನು ನಮ್ಮ ಬಾಗಿಲಿನಲ್ಲಿ ನಿಂತವರಿಗೆ ಹೇಳದಿರುವುದು ನಮ್ಮ ಕೈಯಲ್ಲೇ ಇದೆ.