ಕಾವಿನ ಅಳತೆ

ಠಾಣೆಯ ನೌಪಾಡಾದಲ್ಲಿ ಚಳಿಗಾಲ ಹೆಸರಿಗಷ್ಟೇ. ಜನವರಿಯ ಕೆಲವು ಬೆಳಗಿನ ಜಾವ 17–18 ಡಿಗ್ರಿಗೆ ಇಳಿಯುತ್ತದೆ; ಮಧ್ಯಾಹ್ನಕ್ಕೆ ಮತ್ತೆ 30ರ ಆಸುಪಾಸು. ನಾವು ಹೊದಿಕೆ ಎಳೆದುಕೊಂಡರೆ ಮುಗಿಯಿತು. ಹಾಲ್‌ನ ಮೂಲೆಯ ಗಾಜಿನ ತೊಟ್ಟಿಯಲ್ಲಿರುವ ಮೀನಿಗೆ ಹಾಗಲ್ಲ. ಸುತ್ತಲ ನೀರಿನ ಕಾವೇ ಅದರ ಮೈಕಾವು. ಮೀನು ಮೇವು ಬಿಟ್ಟು ತಳದಲ್ಲಿ ಮಂಕಾಗಿ ನಿಂತಿದ್ದನ್ನು ಕಂಡ ಮನೆಯವರು ಹೀಟರ್ ತರಲು ಹೊರಡುತ್ತಾರೆ. ಅಂಗಡಿಯಲ್ಲಿ 25 ವ್ಯಾಟಿನದೂ ಇರುತ್ತದೆ, 300 ವ್ಯಾಟಿನದೂ ಇರುತ್ತದೆ. ದೊಡ್ಡದೇ ಇರಲಿ ಎನ್ನುತ್ತದೆ ಮನಸ್ಸು.

ಆದರೆ ಚಳಿ ಯಾರಿಗೆ? ಗೋಲ್ಡ್ ಫಿಶ್ ತಣ್ಣೀರಿನ ಮೀನು. ಇಲ್ಲಿನ ಜನವರಿ ಅದಕ್ಕೆ ಹಿತವೇ. ಫೈಟರ್ ಮೀನಿಗಾದರೆ 25ರಿಂದ 28 ಡಿಗ್ರಿ ಬೇಕು. ನಮಗೆ ಚಳಿಯಾಯಿತೆಂದು ಎಲ್ಲ ಮೀನಿಗೂ ಹೀಟರ್ ಹಾಕುವುದು ಕರುಣೆಯಂತೆ ಕಾಣುತ್ತದೆ. ನಿಜಕ್ಕೂ ಅದು ನಮ್ಮ ಮೈಯನ್ನೇ ಅಳತೆಗೋಲು ಮಾಡಿಕೊಂಡ ಅವಸರ.

ಬೇಕೆಂದಾದ ಮೇಲೆ ಎಷ್ಟು ಎಂಬುದು ಬರುತ್ತದೆ. ಎರಡಡಿ ಉದ್ದ, ಅಡಿ ಅಗಲ, ಅಡಿ ಎತ್ತರದ ತೊಟ್ಟಿಯಲ್ಲಿ ಕಲ್ಲು, ಮರಳು ಕಳೆದು ಸುಮಾರು 50 ಲೀಟರ್ ನೀರು. ಲೀಟರಿಗೆ ಒಂದು ವ್ಯಾಟ್ ಎಂಬುದು ಮೀನು ಸಾಕುವವರ ರೂಢಿಯ ಲೆಕ್ಕ. 50 ವ್ಯಾಟಿನ ಹೀಟರ್ ಅಷ್ಟು ನೀರನ್ನು ಒಂದು ಡಿಗ್ರಿ ಏರಿಸಲು ಗಂಟೆಗೂ ಹೆಚ್ಚು ತೆಗೆದುಕೊಳ್ಳುತ್ತದೆ. 300 ವ್ಯಾಟಿನದು 12 ನಿಮಿಷದಲ್ಲೇ ಮುಗಿಸುತ್ತದೆ. ಬೇಕಾದ ಕಾವು ಬಂದೊಡನೆ ಹೀಟರ್ ಆರಿಸುವ ಥರ್ಮೋಸ್ಟಾಟ್ ಸರಿಯಿರುವಷ್ಟು ದಿನ ಎರಡೂ ಒಳ್ಳೆಯವೇ. ಅದು ಒಂದು ರಾತ್ರಿ ಕೈಕೊಟ್ಟು ಹೀಟರ್ ಆರದೇ ಉಳಿದರೆ? ಚಿಕ್ಕದು ಜನವರಿಯ ಚಳಿಯೊಡನೆ ಗುದ್ದಾಡುತ್ತ ಕಾವನ್ನು ನಿಧಾನ ಏರಿಸುತ್ತದೆ. ಬೆಳಿಗ್ಗೆ ಎದ್ದು ಥರ್ಮಾಮೀಟರ್ ನೋಡಿದವನಿಗೆ ಸ್ವಿಚ್ ಆರಿಸಲು ಸಮಯ ಸಿಗುತ್ತದೆ. ದೊಡ್ಡದು ಎರಡು ಮೂರು ಗಂಟೆಯಲ್ಲೇ ಎಂಟು–ಹತ್ತು ಡಿಗ್ರಿ ಏರಿಸಿಬಿಡುತ್ತದೆ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗಿ ಉಳಿಯುವ ಆಮ್ಲಜನಕ ಕಡಿಮೆ. ಮೀನಿನ ಉಸಿರಾಟವೋ ಇನ್ನಷ್ಟು ಜೋರು. ಮನೆಯವರು ಏಳುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ.

ಉಪಕಾರಕ್ಕೆಷ್ಟು ಬಲವಿದೆಯೋ ಅದು ಹಾದಿ ತಪ್ಪಿದಾಗಿನ ಹಾನಿಗೂ ಅಷ್ಟೇ ಬಲ. ಆದ್ದರಿಂದ ನೆರವಿನ ಪ್ರಮಾಣವನ್ನು ನಮ್ಮ ಪ್ರೀತಿಯ ಭರದಲ್ಲಿ ನಿರ್ಧರಿಸಬಾರದು. ನಾವು ಎಡವಿದ ದಿನ ಇನ್ನೊಂದು ಜೀವ ಎಷ್ಟು ತಾಳಬಲ್ಲದು ಎಂಬುದನ್ನು ನೋಡಿ ನಿರ್ಧರಿಸಬೇಕು.

ನೌಪಾಡಾದಿಂದ ನಡೆದೇ ಹೋಗಬಹುದಾದ ಮಾಸುಂದಾ ತಲಾವಿನ ಮೀನಿಗೆ ಈ ಚಿಂತೆಯಿಲ್ಲ. ಬಿಸಿಲು ಹೆಚ್ಚಾದರೆ ನೆರಳಿನತ್ತ ಸರಿಯುತ್ತದೆ, ಮೇಲ್ನೀರು ತಣ್ಣಗಾದರೆ ಕೆಳಗಿಳಿಯುತ್ತದೆ. ತೊಟ್ಟಿಯ ಮೀನಿಗೆ ಸರಿಯಲು ಜಾಗವಿಲ್ಲ. ನಮ್ಮ ಅಕ್ಕರೆಯನ್ನು ಒಲ್ಲೆ ಎನ್ನುವ ಸ್ವಾತಂತ್ರ್ಯವೂ ಅದಕ್ಕಿಲ್ಲ.

ಮನೆಯ ಮನುಷ್ಯರಲ್ಲೂ ಇಂಥ ಜೀವಗಳಿವೆ. ಧಾರವಾಡದ ಅಂಗಳ ಬಿಟ್ಟು ಮಗನ ಫ್ಲ್ಯಾಟಿಗೆ ಬಂದ ತಾಯಿಗೆ ಸೆಕೆಯಾಗದಿರಲೆಂದು ರಾತ್ರಿಯಿಡೀ ಎಸಿ ಓಡಿಸುವ ಮಗ ಅಕ್ಕರೆಯವನೇ. ಆದರೆ ರಿಮೋಟ್ ಅವನ ಕೋಣೆಯಲ್ಲಿರುತ್ತದೆ. ಆಕೆ ಶಾಲು ಹೊದ್ದು ಸುಮ್ಮನೆ ಮಲಗುತ್ತಾಳೆ. ಮಗನ ಮನಸ್ಸು ನೋಯಬಾರದಲ್ಲ.

ಎದ್ದು ಹೋಗಲಾಗದವರ ಮೇಲೆ ತೋರುವ ಪ್ರೀತಿಗೇ ಹೆಚ್ಚು ಎಚ್ಚರ ಬೇಕು. ಅವರು ಸುಮ್ಮನಿದ್ದಾರೆಂದರೆ ಸುಖವಾಗಿದ್ದಾರೆ ಎಂದು ತಿಳಿಯದೆ, ಕೊಡುವ ಮೊದಲೂ ಕೊಟ್ಟ ಮೇಲೂ ಕೇಳಬೇಕು. ಬಾಯಿಲ್ಲದ ಜೀವವಾದರೆ ದಿನವೂ ಥರ್ಮಾಮೀಟರ್ ನೋಡಬೇಕು.